ಇಟಾಲಿಯನ್ ಕಂಡಿಷನಲ್: ಕೋಷ್ಟಕವಿಲ್ಲದೆ ಕಲಿಸಿದ ನನ್ನ ಅನುಭವ

ಇಟಾಲಿಯನ್ ಕ್ರಿಯಾಪದಗಳ ವರ್ತಮಾನ ಕಂಡಿಷನಲ್ ರೂಪಗಳನ್ನು, ಅಂದರೆ ‘ಸಮಯವಿದ್ದರೆ ಬರುತ್ತಿದ್ದೆ’ ಎಂಬಂಥ ಷರತ್ತಿನ ಮಾತಿನ ರೂಪಗಳನ್ನು, ಭವಿಷ್ಯತ್ಕಾಲದ ಬೆನ್ನಿಗೇ ಕಲಿಸುತ್ತೇನೆ ಎಂದಾಗ, ಮಿಲಾನ್, ತೂರಿನ್‌ಗಳಿಗೆ ಓದಲು ಹೊರಟವರಿಗೆ ನನ್ನಂತೆಯೇ ಬೆಂಗಳೂರಿನಲ್ಲಿ ಪಾಠ ಹೇಳುವ ಗೆಳೆಯರು ಒಪ್ಪಲಿಲ್ಲ. ನಾಳೆಯ ಮಾತನ್ನು ಇಟಾಲಿಯನ್ನರೇ ‘ದೊಮಾನಿ ವಾದೊ’ (ನಾಳೆ ಹೋಗುತ್ತೇನೆ) ಎಂದು ವರ್ತಮಾನದಲ್ಲಿ ಮುಗಿಸುವಾಗ ಭವಿಷ್ಯತ್ಕಾಲಕ್ಕೆ ಅಷ್ಟು ತರಗತಿಗಳೇಕೆ ಎಂಬುದು ಅವರ ತಕರಾರು. ಅದರಲ್ಲಿ ಹುರುಳಿತ್ತು, ಆದರೆ ಅವರ ವಿದ್ಯಾರ್ಥಿಗಳು ‘ವೊರ್ರೇಯಿ’ (ನನಗೆ ಬೇಕಿತ್ತು) ಎಂಬ ಒಂದು ರೂಪವನ್ನು ದಾಟಿ ಮುಂದೆ ಹೋಗುತ್ತಿರಲಿಲ್ಲ.

ಅದಕ್ಕೂ ಮೊದಲು ಕ್ರಿಯಾರೂಪಗಳ ಕೋಷ್ಟಕಗಳ ಮೇಲೆ ಸುರಿದ ಹಣ ಕಡಿಮೆಯಲ್ಲ. ಬಣ್ಣದ ಕಾರ್ಡುಗಳ ಅಚ್ಚಿಗೆ ಸುಮಾರು ನಾಲ್ಕು ಸಾವಿರ ರೂಪಾಯಿ, ಅಭ್ಯಾಸದ ಆ್ಯಪ್ ಒಂದರ ಚಂದಾಕ್ಕೆ ಹೆಚ್ಚುಕಡಿಮೆ ಅಷ್ಟೇ. ಕಾರ್ಡು ಕೈಯಲ್ಲಿರುವಾಗ ತಪ್ಪಿಲ್ಲದೆ ಹೇಳುವವರು ಅದನ್ನು ಕೆಳಗಿಟ್ಟ ಕೂಡಲೇ ‘ವೆರ್ರೇಯಿ’ (ಬರುತ್ತಿದ್ದೆ) ಎಂಬುದನ್ನು ತಪ್ಪಾಗಿ ‘ವೆನಿರೇಯಿ’ ಮಾಡುತ್ತಿದ್ದರು.

ಈಗ ಕೋಷ್ಟಕವನ್ನೇ ಕೊಡುವುದಿಲ್ಲ. ಅಂದ್ರೋ (ಹೋಗುವೆ), ವೆರ್ರೋ (ಬರುವೆ), ಬೆರ್ರೋ (ಕುಡಿಯುವೆ), ರಿಮರ್ರೋ (ಉಳಿಯುವೆ), ಸರೋ (ಇರುವೆ) ಎಂಬ ಭವಿಷ್ಯದ್ರೂಪಗಳು ತಡವರಿಸದೆ ಬರುವವರೆಗೆ ಕಾಯುತ್ತೇನೆ. ಆಮೇಲೆ ಕೊನೆಯ ‘ಓ’ ಕಳಚಿ ನಾನು, ನೀನು, ಅವನು/ಅವಳು, ನಾವು, ನೀವು, ಅವರು ಎಂಬ ಕ್ರಮದಲ್ಲಿ -ಏಯಿ, -ಎಸ್ತಿ, -ಎಬ್ಬೆ, -ಎಮ್ಮೊ, -ಎಸ್ತೆ, -ಎಬ್ಬೆರೊ ಹಚ್ಚಿಸುತ್ತೇನೆ. ಇದಕ್ಕೆ ಅಪವಾದವೇ ಇಲ್ಲ. ‘ಪಾರ್ಲಾರೆ’ಯ (ಮಾತಾಡು) ‘ಆ’ಕಾರ ‘ಪಾರ್ಲೆರೇಯಿ’ಯಲ್ಲಿ ‘ಎ’ಕಾರವಾಗುವುದೂ ಭವಿಷ್ಯತ್ಕಾಲದಲ್ಲೇ ಇತ್ಯರ್ಥವಾಗಿರುತ್ತದೆ. ಕಾರ್ಡುಗಳು ತಿಂಗಳುಗಟ್ಟಲೆ ಎಳೆದಾಡಿದ್ದನ್ನು ಇದು ಎರಡು ಮೂರು ವಾರಗಳಲ್ಲಿ ಮುಗಿಸಿತು.

ತೊಡಕಾದದ್ದು ‘ಪಾರ್ಲೆರೇಮೊ’ ಮತ್ತು ‘ಪಾರ್ಲೆರೆಮ್ಮೊ’. ಮೊದಲನೆಯದು ‘ಮಾತಾಡುತ್ತೇವೆ’, ಎರಡನೆಯದು ‘ಮಾತಾಡುತ್ತಿದ್ದೆವು, ಆದರೆ…’ ಎಂಬಂಥದ್ದು. ಬಳಿ, ಬಳ್ಳಿಗಳನ್ನು ಬೇರ್ಪಡಿಸಿ ಆಡುವ ಕನ್ನಡದ ನಾಲಿಗೆಗೆ ಇದು ಕಷ್ಟವಾಗಬಾರದು, ಆದರೂ ರೋಮನ್ ಲಿಪಿ ಕಂಡೊಡನೆ ಹುಡುಗರು ಇಂಗ್ಲಿಷಿನ ರೂಢಿಯಂತೆ ಒತ್ತನ್ನು ನುಂಗಿಬಿಡುತ್ತಾರೆ. ಕನ್ನಡ ಲಿಪಿಯಲ್ಲಿ ಉಕ್ತಲೇಖನ ಬರೆಸಿದೆ. ಗೆಳೆಯರು ನಕ್ಕರು, ಒತ್ತು ಮಾತ್ರ ನಿಂತಿತು.

ನಡುವೆ ಪತ್ರಿಕೆಯ ಸುದ್ದಿಗಳನ್ನೂ ಓದಿಸಿ ನೋಡಿದೆ. ‘ಇಲ್ ಮಿನಿಸ್ತ್ರೊ ಸರೆಬ್ಬೆ ಮಲಾತೊ’ ಎಂದರೆ ಸಚಿವರು ಅಸ್ವಸ್ಥರು ಎನ್ನಲಾಗಿದೆ, ಖಚಿತವಿಲ್ಲ ಎಂದರ್ಥ. ಈ ಬಳಕೆ ಅವರಿಗೆ ಬಹಳ ಹಿಡಿಸಿತು, ಆದರೆ ಪ್ರಥಮಪುರುಷವಷ್ಟೇ ಪಳಗಿ ‘-ಎಸ್ತಿ’ ಮರೆತುಹೋದುದರಿಂದ ಕೈಬಿಟ್ಟೆ.

ಇನ್ನು ‘ಸೆ ಅವೆಸ್ಸಿ ತೆಂಪೊ, ವೆರ್ರೇಯಿ’ (ಸಮಯವಿದ್ದರೆ ಬರುತ್ತಿದ್ದೆ) ಎನ್ನಬೇಕಾದಲ್ಲಿ ‘ಸೆ’ಯ ಬೆನ್ನಿಗೂ ಕಂಡಿಷನಲ್ ಹಚ್ಚಿ ‘ಸೆ ಅವ್ರೇಯಿ’ ಎನ್ನುವ ಚಾಳಿ ಇಟಲಿಯಲ್ಲಿ ಹುಟ್ಟಿದವರಲ್ಲೂ ಉಂಟು. ನನ್ನ ತರಗತಿಯಲ್ಲಿ ಅದು ಹೆಚ್ಚುಕಡಿಮೆ ನಿಂತಿದೆ. ಅದಕ್ಕಾಗಿ ವಾಕ್ಯಗಳನ್ನು ಯಾವ ಕ್ರಮದಲ್ಲಿ ಆಡಿಸುತ್ತೇನೆ ಎಂಬುದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ; ನನ್ನ ಬಳಿಗೆ ಶುಲ್ಕ ಕೊಟ್ಟು ಬರುವವರು ಬರುವುದೇ ಅದಕ್ಕಾಗಿ.