ಆರಿದ್ರಾ ಮಳೆಯಲ್ಲಿ ಕೆಂಚಿಗೆ ಹೊರಗೆ ಹೋಗೋದು ಕಲಿಸಿದ್ದು

ಮಳೆಗಾಲದಲ್ಲಿ ನಾಯಿಮರಿ ತಂದರೆ ಮನೆಯೊಳಗೇ ಉಚ್ಚೆ ಗ್ಯಾರಂಟಿ, ದೀಪಾವಳಿ ಕಳೆಯೋವರೆಗೆ ಅದಕ್ಕೆ ಏನೂ ಕಲಿಸೋಕೆ ಆಗಲ್ಲ ಅಂತ ಊರಲ್ಲಿ ಎಲ್ಲರೂ ಹೇಳಿದ್ದರು. ನಾನು ಜೂನ್ ನಡುವಿನಲ್ಲಿ ತಂದೆ. ಗಣಪತಿ ಹಬ್ಬದ ಹೊತ್ತಿಗೆ ಮನೆಯೊಳಗೆ ಒಂದು ಹನಿ ಬೀಳೋದೂ ನಿಂತಿತ್ತು. ಆಗಲ್ಲ ಅಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಹೊಸನಗರ ಕಡೆ ತೋಟದ ಮನೆ. ಅತ್ತೆ, ಮಾವ, ನಾವಿಬ್ಬರು, ಮೈದುನ, ಓರಗಿತ್ತಿ, ಎರಡೂ ಕಡೆಯ ಮಕ್ಕಳು. ಜೊತೆಗೆ ಹಾಲಿಗೆ ಬರೋರು, ಅಡಿಕೆಗೆ ಔಷಧಿ ಹೊಡೆಯೋರು. ಬಾಗಿಲು ಹಾಕಿದ್ದು ಅಂತ ಇರೋದೇ ರಾತ್ರಿ ಮಾತ್ರ. ಮೊದಲೆಲ್ಲ ನಾಯಿ ಅಂಗಳದಲ್ಲೇ ಬೆಳೆಯುತ್ತಿತ್ತು. ಚಿರತೆ ಅಂಗಳದಿಂದ ಎರಡು ನಾಯಿ ಎತ್ತಿಕೊಂಡು ಹೋದ ಮೇಲೆ, ಇನ್ನು ನಾಯಿ ಇದ್ದರೆ ರಾತ್ರಿ ಮನೆಯೊಳಗೇ ಮಲಗಬೇಕು ಅಂತ ನಾನು ಹಠ ಹಿಡಿದೆ. ಮಾವ ಒಂದೇ ಮಾತು ಹೇಳಿದರು: "ಜಗಲಿ ಮೇಲೆ ವಾಸನೆ ಬಂದ ದಿನ ಅದು ಕೊಟ್ಟಿಗೆಗೆ." ಅತ್ತೆಗೆ ದೇವರ ಮನೆಯದೇ ಚಿಂತೆ.

ಕೆಂಚಿ ನಾಟಿ ಮರಿ, ಕೆಂಪು ಬಣ್ಣ, ತಂದಾಗ ಎಂಟು ವಾರ ಇರಬಹುದು. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಹೊರಗೆ ಒಯ್ಯಬೇಕು ಅನ್ನೋದೆಲ್ಲ ನಾಯಿ ಸಾಕಿದವರಿಗೆ ಗೊತ್ತಿದ್ದದ್ದೇ. ನನಗೂ ಗೊತ್ತಿತ್ತು. ಆದರೆ ಆರಿದ್ರಾ ಮಳೆ ಹಿಡಿದಾಗ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಮರಿ ಮೆಟ್ಟಿಲ ಮೇಲೆ ನಿಂತು ನಡುಗುತ್ತೆ, ಒಳಗೆ ಬರುತ್ತೆ, ಬಂದ ಎರಡೇ ನಿಮಿಷಕ್ಕೆ ಚಾಪೆ ಮೇಲೆ ಕೂರುತ್ತೆ.

ಮೊದಲು ಅಂಗಡಿಯವರ ಮಾತಿನಂತೆ ನೆಲದ ಮೇಲೆ ಹಾಸೋ, ಉಚ್ಚೆ ಹೀರೋ ಪ್ಯಾಡ್ ತಂದೆವು. ಒಂದಕ್ಕೆ ಇಪ್ಪತ್ತೈದು ರೂಪಾಯಿ ಮೇಲೇ ಬಿತ್ತು ಅಂತ ನೆನಪು. ಅರ್ಧ ಹರಿದು ಹಾಕಿತು. ಉಳಿದರ್ಧದಲ್ಲಿ ಕಲಿತದ್ದು ಏನಂದರೆ, ನೆಲದ ಮೇಲೆ ಮೆತ್ತಗೆ ಏನು ಹಾಸಿದ್ದರೂ ಅದು ಉಚ್ಚೆ ಮಾಡೋ ಜಾಗ. ಕಾಲೊರೆಸುವ ಬಟ್ಟೆ, ಮಗಳ ಶಾಲೆ ಬ್ಯಾಗು, ಮಾವನ ಕಂಬಳಿ, ಎಲ್ಲದಕ್ಕೂ ಆಯಿತು. ಪೇಪರ್ ಹಾಸಿದರೆ ಆ ಥಂಡಿಗೆ ಅದು ಒಣಗೋದೇ ಇಲ್ಲ. ಆಮೇಲೆ ತಂತಿ ಪಂಜರ ತರಿಸಿದೆವು, ಎರಡೂವರೆ ಸಾವಿರದ ಆಸುಪಾಸು. ದೊಡ್ಡ ನಾಯಿಗೆ ಆಗಲಿ ಅಂತ ದೊಡ್ಡ ಸೈಜು. ಮರಿ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಮಾಡಿತು. ಅಡಿಕೆ ದಬ್ಬೆ ಸೀಳಿ ಅಡ್ಡ ಕಟ್ಟಿ, ತಿರುಗಿ ಮಲಗೋಕೆ ಸಾಕಾಗುವಷ್ಟು ಮಾತ್ರ ಜಾಗ ಬಿಟ್ಟ ಮೇಲೆ ಆ ದುಡ್ಡು ದಂಡವಾಗಲಿಲ್ಲ. ಮರಿ ಬೆಳೆದಂತೆ ದಬ್ಬೆ ಹಿಂದಕ್ಕೆ ಸರಿಸಿದರಾಯಿತು.

ನೆಂಟರೊಬ್ಬರು ಬಂದವರು ಮರಿಯ ಮೂತಿಯನ್ನು ಅದರ ಉಚ್ಚೆಗೇ ತಿಕ್ಕಿದರು. "ಹಿಂಗೆ ಮಾಡಿದ್ರೆ ಒಂದೇ ದಿನ" ಅಂದರು. ಆ ದಿನದಿಂದ ಕೆಂಚಿ ನಮ್ಮೆದುರು ಮಾಡೋದನ್ನೇ ಬಿಟ್ಟಿತು. ಮಂಚದಡಿ, ಅಕ್ಕಿ ಮೂಟೆಯ ಹಿಂದೆ, ಕದ್ದು ಕದ್ದು. ಹೊರಗೆ ಕರೆದುಕೊಂಡು ಹೋದರೂ ನಾನು ನೋಡುತ್ತಿದ್ದರೆ ಮಾಡುತ್ತಿರಲಿಲ್ಲ. ಮನುಷ್ಯರು ನೋಡುವಾಗ ಮಾಡಬಾರದು ಅಂತಷ್ಟೇ ಅದಕ್ಕೆ ಅರ್ಥವಾಗಿತ್ತು. ಆ ಹೆದರಿಕೆ ಬಿಡಿಸೋಕೆ ಎರಡು ವಾರ ಹಿಡಿಯಿತು. ಮೂತಿ ತಿಕ್ಕೋರನ್ನು ಮರಿಯ ಹತ್ತಿರ ಬಿಡಲೇಬೇಡಿ. ಹಿರಿಯರಾದರೂ ಸರಿ, ನೇರವಾಗಿ ಹೇಳಿ.

ದಾರಿ ಸಿಕ್ಕಿದ್ದು ಓರಗಿತ್ತಿಯ ಒಂದು ಮಾತಿನಿಂದ. "ಅಕ್ಕಾ, ಇದು ಸಿಮೆಂಟ್ ನೆಲದ ಮೇಲೆ ಮಾಡಲ್ಲ ನೋಡಿ, ಚಾಪೆ ಇಲ್ಲ ಗೋಣಿಚೀಲ, ಅಷ್ಟೇ" ಅಂದಳು. ಹೌದಲ್ವಾ ಅನ್ನಿಸಿತು. ಕೆಂಚಿ ಹುಟ್ಟಿದ್ದು ಕೊಟ್ಟಿಗೆಯಲ್ಲಿ, ಒಣಹುಲ್ಲಿನ ಮೇಲೆ. ಮರಿಗಳು ಕಣ್ಣು ಬಿಟ್ಟು ಓಡಾಡೋಕೆ ಶುರು ಮಾಡಿದಾಗ ಕಾಲಡಿ ಏನು ಸಿಗುತ್ತೋ ಅದರ ಮೇಲೇ ಮಾಡೋ ಅಭ್ಯಾಸ ಆಗುತ್ತೆ. ನಾವು ಅದನ್ನು ನೀರು ನಿಂತ ಅಂಗಳಕ್ಕೆ ಒಯ್ದು "ಮಾಡು, ಮಾಡು" ಅನ್ನುತ್ತಿದ್ದೆವು.

ಮರುದಿನವೇ ಸೌದೆ ಕೊಟ್ಟಿಗೆಯ ಸೂರಿನಡಿ ಎರಡು ಮೊಳ ಅಗಲದ ಜಾಗ ಬಿಡಿಸಿದೆ. ಎರಚಲು ಹೊಡೆಯದ ಹಾಗೆ ಸೋಗೆ ತಟ್ಟಿ ಕಟ್ಟಿಸಿದೆ. ಕೆಳಗೆ ಒಣಮಣ್ಣು, ಮೇಲೆ ಅಟ್ಟದಿಂದ ಇಳಿಸಿದ ಹುಲ್ಲು ನಾಲ್ಕು ಬೆರಳು ದಪ್ಪ. ಮನೆಯೊಳಗೆ ಮಾಡಿದ್ದನ್ನು ಒರೆಸಿದ ಬಟ್ಟೆಯನ್ನು ಆ ಹುಲ್ಲಿನೊಳಗೆ ಹುಗಿದೆ. ಒಳಗಿದ್ದ ಚಾಪೆ, ಗೋಣಿಚೀಲ ಎಲ್ಲ ಸುತ್ತಿ ಅಟ್ಟಕ್ಕೆ. ಮರಿಯನ್ನು ಅಲ್ಲಿ ಬಿಟ್ಟೆ. ಮೂಸಿತು, ಎರಡು ಸುತ್ತು ತಿರುಗಿತು, ಹಿಂಗಾಲು ಬಗ್ಗಿಸಿ ಕೂತೇಬಿಟ್ಟಿತು. ಮಳೆ ಧೋ ಅಂತ ಸುರಿಯುತ್ತಿತ್ತು. ನನಗೆ ಆದ ಖುಷಿ ಹೇಳೋಕೆ ಆಗಲ್ಲ.

ಹುಲ್ಲಿನ ಬದಲು ತರಗೆಲೆ ಹಾಕು, ಬೇಕಾದಷ್ಟಿದೆ ಅಂತ ಪಕ್ಕದ ಮನೆಯವರು ಹೇಳಿದ್ದರು. ನಾನು ಹಾಕಲಿಲ್ಲ. ಕಾಡಿನ ತರಗೆಲೆ ಜೊತೆ ಉಣ್ಣೆ (ರಕ್ತ ಹೀರೋ ಉಣುಗು) ಬರುತ್ತೆ, ಉಣ್ಣೆ ಜೊತೆ ಮಂಗನ ಕಾಯಿಲೆ ಅನ್ನೋ ಜ್ವರ. 1957ರಲ್ಲಿ ಅದು ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲ ಮುಗಿದು ಬೇಸಿಗೆ ಬರುವಾಗ ಅದರ ಕಾಟ ಜಾಸ್ತಿ ಅನ್ನೋದು ನಿಜ. ಆದರೂ ಮಕ್ಕಳ ಹಾಸಿಗೆ ಹತ್ತಿರ ಬರೋ ಮರಿಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲ್ಲ. ಸಾಮಿಲ್ಲಿನ ಮರದ ಹೊಟ್ಟನ್ನೂ ಒಂದೆರಡು ದಿನ ನೋಡಿದೆ. ಒದ್ದೆ ಕಾಲಿಗೆ ಮೆತ್ತಿಕೊಂಡು ಜಗಲಿ ತುಂಬ ಹೊಟ್ಟು. ಭತ್ತದ ಹೊಟ್ಟು ಗಾಳಿಗೆ ಹಾರಿತು. ಹುಲ್ಲೇ ಸರಿ.

ಸೂರಿನಡಿಯ ಜಾಗದಿಂದ ಇನ್ನೂ ಒಂದು ಅನುಕೂಲ ಇದೆ. ಲಸಿಕೆಯ ಸರದಿ ಮುಗಿಯೋವರೆಗೆ ಮರಿಯನ್ನು ಬೇರೆ ನಾಯಿಗಳು ಓಡಾಡೋ ದಾರಿಗೆ ಬಿಡಬಾರದು, ಪಾರ್ವೋ ಅನ್ನೋ ವೈರಸ್ ರೋಗ ಬಂದರೆ ಮರಿ ಉಳಿಯೋದು ಕಷ್ಟ. ನಿಂತ ನೀರಿನಲ್ಲಿ ಇಲಿ ಜ್ವರದ ಭಯ. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆಯೋ ದಿನ ಅಂಗಳದಲ್ಲಿ ಮೈಲುತುತ್ತದ ನೀರು ಚೆಲ್ಲಿರುತ್ತೆ, ಮರಿ ನೆಕ್ಕಿದರೆ ಕಥೆ ಮುಗೀತು. ಇದೆಲ್ಲ ಒಂದೇ ತಟ್ಟಿಯಲ್ಲಿ ಬಗೆಹರಿಯಿತು. ಉಂಬಳ (ಜಿಗಣೆ) ಮಾತ್ರ ಅಲ್ಲಿಗೂ ಬರುತ್ತೆ, ಪ್ರತಿ ಸಲ ಬೆರಳ ಸಂದಿ ನೋಡಲೇಬೇಕು.

ಜಾಗ ಸಿಕ್ಕಿದ ಮೇಲೂ ಒಳಗೆ ಆಗುತ್ತಲೇ ಇತ್ತು. ತುಂಬಿದ ಮನೆಯ ತೊಂದರೆ ಇದೇ. ಎಲ್ಲರೂ ನೋಡುತ್ತಿದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತ ಅರ್ಥ. "ಅವಳು ನೋಡ್ತಾಳೆ ಅಂತ ನಾನು ಬಿಟ್ಟೆ", "ಅಣ್ಣ ಎತ್ಕೊಂಡಿದ್ದ ಅಲ್ವಾ", ಹೀಗೆ. ಅದಕ್ಕೆ ನಲವತ್ತು ರೂಪಾಯಿಯ ಒಂದು ನೂಲಿನ ಹಗ್ಗ ತಂದೆ, ಒಂದೂವರೆ ಮಾರು ಉದ್ದ. ಜಗಲಿ ಕಂಬಕ್ಕೆ ಒಂದು ಮೊಳೆ ಹೊಡೆದೆ. ನಿಯಮ ಇಷ್ಟೇ: ಮರಿ ಎಚ್ಚರ ಇದ್ದು ಒಳಗಿದ್ದರೆ ಹಗ್ಗ ಯಾರದೋ ಒಬ್ಬರ ಸೊಂಟಕ್ಕೆ. ಹಗ್ಗ ಮೊಳೆಯ ಮೇಲಿದ್ದರೆ ಮರಿ ಗೂಡಿನೊಳಗೆ, ಅಂದರೆ ಆ ತಂತಿ ಪಂಜರದೊಳಗೆ. ಮೂರನೇದು ಇಲ್ಲ. ಹಗ್ಗ ಕೊಡೋರು ಕಡೇ ಸಲ ಯಾವಾಗ ಮಾಡಿತು ಅಂತ ಬಾಯಿಬಿಟ್ಟು ಹೇಳಿಯೇ ಕೊಡಬೇಕು. ಮಕ್ಕಳು ಕಟ್ಟಿಕೊಳ್ಳಬಹುದು, ಆದರೆ ದೊಡ್ಡವರು ಅದೇ ಕೋಣೆಯಲ್ಲಿ ಇರಬೇಕು.

ಮೈದುನ ನಕ್ಕ. ಮಾವ "ಇದು ನಾಯಿಗೆ ಕಟ್ಟಿದ್ದೋ ನಮಗೆ ಕಟ್ಟಿದ್ದೋ" ಅಂದರು. ಒಂದು ವಾರ ಕಳೆದ ಮೇಲೆ ಮಾವನೇ ಮಧ್ಯಾಹ್ನ ಹಗ್ಗ ಸೊಂಟಕ್ಕೆ ಸಿಕ್ಕಿಸಿಕೊಂಡು ಅಡಿಕೆ ಆರಿಸುತ್ತಾ ಕೂರುತ್ತಿದ್ದರು. ಹಗ್ಗ ಹತ್ತಿರ ಇದ್ದಾಗ ಮರಿ ನೆಲ ಮೂಸೋಕೆ ಶುರು ಮಾಡಿದ್ದು, ಸುತ್ತು ಹೊಡೆಯೋದು, ಆಟ ಬಿಟ್ಟು ದೂರ ಎಳೆಯೋದು ತಕ್ಷಣ ಗೊತ್ತಾಗುತ್ತೆ. ಎತ್ತಿಕೊಂಡು ಹೋಗೋಕೆ ಅಷ್ಟು ಸಮಯ ಸಾಕು.

ಹೇಳೋ ಮಾತನ್ನೂ ಒಂದೇ ಮಾಡಿದೆವು. ಮಕ್ಕಳು ಸುಸು ಅನ್ನೋದು, ಅತ್ತೆ ಇನ್ನೊಂದು ಅನ್ನೋದು ಬಿಟ್ಟು ಎಲ್ಲರೂ "ಮಾಡು" ಅಂತ ಮಾತ್ರ. ಮಾಡಿ ಮುಗಿದ ಕೂಡಲೇ ಅಲ್ಲೇ ಬಾಯಿಗೆ ಒಂದು ಚೂರು ತಿಂಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದಿದ್ದಕ್ಕೆ ಕೊಟ್ಟ ಹಾಗೆ. ಆ ತಿಂಡಿ ಏನು ಅಂತ ಮಾತ್ರ ಇಲ್ಲಿ ಹೇಳಲ್ಲ. ಮನೆಯಲ್ಲೇ ಮಾಡಿದ್ದು, ಉಪ್ಪಿಲ್ಲ. ಓರಗಿತ್ತಿಗೂ ಹೇಳಿಲ್ಲ.

ಮಗ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ, ಹೊರಗೆ ಆದರೆ ಗೀಟು, ಒಳಗೆ ಆದರೆ ಸೊನ್ನೆ, ಪಕ್ಕದಲ್ಲಿ ಹೊತ್ತು. ಒಂದಷ್ಟು ದಿನ ಆದ ಮೇಲೆ ನೋಡಿದರೆ ಸೊನ್ನೆಗಳೆಲ್ಲ ಸಂಜೆ ಐದರಿಂದ ಏಳರ ಒಳಗೆ. ಮಕ್ಕಳು ಶಾಲೆಯಿಂದ ಬರೋ ಹೊತ್ತು, ಹಾಲು ಕರೆಯೋ ಹೊತ್ತು, ಕಾಫಿ, ಬಂದವರು ಹೋದವರು. ಮರಿಗೆ ಉತ್ಸಾಹ ಜಾಸ್ತಿ, ನಮಗೆ ಗಮನ ಕಮ್ಮಿ. ಆ ಎರಡು ಗಂಟೆಯಲ್ಲಿ ಅರ್ಧ ಗಂಟೆಗೊಮ್ಮೆ ಹೊರಗೆ, ಉಳಿದ ಹೊತ್ತು ಗೂಡಿನಲ್ಲಿ ಗಂಟು ಹಾಕಿದ ಬಟ್ಟೆಯ ಜೊತೆ. ಸೊನ್ನೆ ಕೂಡಲೇ ಕಮ್ಮಿ ಆಯಿತು. ಇಡೀ ದಿನ ಕಷ್ಟಪಡೋ ಬದಲು ಆ ಹೊತ್ತು ಹಿಡಿದರೆ ಮುಕ್ಕಾಲು ಕೆಲಸ ಆದಂತೆ.

ರಾತ್ರಿ ಲೆಕ್ಕ: ಮರಿಗೆ ಎಷ್ಟು ತಿಂಗಳೋ ಅಷ್ಟು ಗಂಟೆ, ಮೇಲೆ ಒಂದು ಗಂಟೆ ಉಚ್ಚೆ ತಡೆಯುತ್ತೆ. ಎರಡು ತಿಂಗಳ ಮರಿ ಮೂರು ಗಂಟೆ ತಡೆದರೆ ಹೆಚ್ಚು. ಹನ್ನೊಂದಕ್ಕೆ ಒಮ್ಮೆ, ಎರಡರ ಹೊತ್ತಿಗೆ ಒಮ್ಮೆ, ಐದಕ್ಕೆ ಒಮ್ಮೆ. ಎರಡರದ್ದು ನನ್ನವರು ನೋಡಿಕೊಂಡರು, ಟಾರ್ಚ್ ಹಿಡಿದು, ಚಿರತೆ ಭಯಕ್ಕೆ ಅಂಗಳದ ಲೈಟ್ ಹಾಕಿ. ಮಾತಿಲ್ಲ, ಆಟ ಇಲ್ಲ, ಹೋಗೋದು ಬರೋದು ಅಷ್ಟೇ. ನಾಲ್ಕು ತಿಂಗಳಿಗೆ ಬೆಳಿಗ್ಗೆವರೆಗೆ ಮಲಗೋಕೆ ಶುರು ಮಾಡಿತು. ಗುಡುಗು ಬಂದಾಗ ಬೇಗ ಮಾಡಿಸೋಕೆ ಒಂದು ಉಪಾಯ ಇದೆ, ಅದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮಧ್ಯದಲ್ಲಿ ಕೆಲವು ರಾತ್ರಿ ಪೂರ್ತಿ ಕೆಟ್ಟವು, ನೀರಿನಂಥ ಭೇದಿ. ಆಮೇಲೆ ಗೊತ್ತಾಯಿತು, ಮನೆಯ ಕರಾವಿನ ಹಾಲು ಪ್ರೀತಿಯಿಂದ ಗುಟ್ಟಾಗಿ ಬಟ್ಟಲಿಗೆ ಬೀಳುತ್ತಿತ್ತು. ತಾಯಿ ಬಿಟ್ಟ ಮರಿಗೆ ದನದ ಹಾಲು ಬಹಳ ಸಲ ಒಗ್ಗಲ್ಲ. ಹಾಲು ನಿಂತಿತು, ಭೇದಿಯೂ ನಿಂತಿತು. ದಿನಕ್ಕೆ ನಾಲ್ಕು ಹೊತ್ತು ಗಂಟೆ ಹೊಡೆದ ಹಾಗೆ ಊಟ, ಉಳಿದದ್ದನ್ನು ಹದಿನೈದು ನಿಮಿಷಕ್ಕೆ ಎತ್ತಿಬಿಡೋದು. ಊಟದ ಹೊತ್ತು ಗೊತ್ತಿದ್ದರೆ ಕಕ್ಕದ ಹೊತ್ತೂ ಗೊತ್ತಾಗುತ್ತೆ.

ನೆಲ ತೊಳೆಯೋದರಲ್ಲಿ ಸುಮ್ನೆ ತುಂಬ ದುಡ್ಡು ಹೋಯಿತು. ಫಿನಾಯಿಲ್ ನಮ್ಮ ಮೂಗಿಗೆ ಮಾತ್ರ, ಮರಿ ಅದೇ ಜಾಗಕ್ಕೆ ವಾಪಸ್. ಅಮೋನಿಯಾ ಇರೋ ದ್ರಾವಣ ಇನ್ನೂ ಕೆಟ್ಟದ್ದು, ಉಚ್ಚೆಯ ವಾಸನೆಯೇ ಅದು. ವಿನೆಗರ್ ಚೆನ್ನಾಗಿ ಕೆಲಸ ಮಾಡಿತು, ಆದರೆ ನಮ್ಮದು ಹಳೇ ಕೆಂಪು ರೆಡ್ ಆಕ್ಸೈಡ್ ನೆಲ. ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತೆ, ಮೂಲೆಯಲ್ಲಿ ನೋಡಿ ಬಿಟ್ಟೆ. ಅಂಟುವಾಳ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಎನ್ಜೈಮ್ (ಉಚ್ಚೆಯ ವಾಸನೆಯನ್ನು ಮೂಲದಲ್ಲೇ ಒಡೆಯೋ ವಸ್ತು) ಇರೋ ಕ್ಲೀನರ್ ಹಾಕಿ ಹತ್ತು ನಿಮಿಷ ಬಿಟ್ಟೆ. ಅರ್ಧ ಲೀಟರಿಗೆ ನಾನೂರು ನಾನೂರೈವತ್ತು ಇರಬೇಕು, ಎರಡು ಬಾಟಲಿ ಸಾಕಾಯಿತು. ಪ್ಯಾಡಿಗೆ ಹಾಕಿದ ದುಡ್ಡು ಇದಕ್ಕೆ ಹಾಕಿ ಅಂತೀನಿ.

ಎಲ್ಲ ಸರಿಹೋಯಿತು ಅನ್ನೋವಾಗ ಕೆಂಚಿ ದಿಢೀರ್ ಅಂತ ಹತ್ತು ನಿಮಿಷಕ್ಕೊಮ್ಮೆ ನಾಲ್ಕು ಹನಿ ಮಾಡೋಕೆ ಶುರು ಮಾಡಿತು. "ನಿನ್ನ ಹಗ್ಗ ಎಲ್ಲಿ ಹೋಯ್ತು?" ಅಂತ ಎಲ್ಲರೂ ಕೇಳಿದರು. ನಾನು ಪದ್ಧತಿ ಬದಲಾಯಿಸದೆ ಡಾಕ್ಟರ ಹತ್ತಿರ ಒಯ್ದೆ. ಮೂತ್ರದ ಸೋಂಕು. ಔಷಧಿ, ಫೀಸು ಸೇರಿ ಆರುನೂರು ಚಿಲ್ಲರೆ. ಔಷಧಿ ಮುಗಿಯೋ ಮೊದಲೇ ಮತ್ತೆ ಹುಲ್ಲಿಗೆ ಹೋಗೋಕೆ ಹತ್ತಿತು. ಕಲಿತ ಮರಿ ಏಕಾಏಕಿ ಕೆಟ್ಟರೆ ಮೊದಲು ಉಚ್ಚೆ ಪರೀಕ್ಷೆ ಮಾಡಿಸಿ, ಬೈಯಬೇಡಿ. ಹಾಗೇ ನೆಂಟರು ಬಂದಾಗ ಕಾಲ ಹತ್ತಿರ ಮಲಗಿ ಉಚ್ಚೆ ಬಿಡೋದು ಬೇರೆ ವಿಷಯ, ಅದು ಹೆದರಿಕೆ ಮತ್ತು ಸಂತೋಷ. ಬಂದವರು ಬಗ್ಗಿ ಮುದ್ದು ಮಾಡದೆ ಸುಮ್ಮನೆ ಕೂತರೆ ಸಾಕು, ಬೆಳೆದಂತೆ ನಿಲ್ಲುತ್ತೆ.

ಹಿತ್ತಲ ಬಾಗಿಲಿಗೆ ಕರುವಿನ ಕೊರಳ ಗಂಟೆ ಕಟ್ಟಿ ಇನ್ನೊಂದು ಪ್ರಯೋಗ ಮಾಡಿದೆ. ಪ್ರತಿ ಸಲ ಹೋಗುವಾಗ ಮೂತಿಯಿಂದ ಮುಟ್ಟಿಸಿದೆ. ಬೇಗ ಕಲಿತಳು. ಆಮೇಲೆ ಕೋಳಿ ಅಟ್ಟಿಸೋಕೂ ಗಂಟೆ ಬಾರಿಸೋಕೆ ಹತ್ತಿದಳು. ಗಂಟೆ ಆದರೆ ಹಗ್ಗ ಹಾಕಿ ನೇರ ಹುಲ್ಲಿಗೆ ಒಯ್ದೆ, ಮೂರು ನಿಮಿಷ ಕಾದೆ, ಮಾಡದಿದ್ದರೆ ವಾಪಸ್. ಕೋಳಿ ಸಿಗಲ್ಲ ಅಂತ ಗೊತ್ತಾದ ಮೇಲೆ ಬೇಕಾದಾಗ ಮಾತ್ರ ಬಾರಿಸುತ್ತಾಳೆ.

ಗಣಪತಿ ಹಬ್ಬಕ್ಕೆ ಮನೆ ತುಂಬ ಜನ, ಮೂವತ್ತರ ಹತ್ತಿರ. ಗದ್ದಲ, ಅಡುಗೆ ವಾಸನೆ, ಮಕ್ಕಳ ಓಟ. ಎರಡು ಗಂಟೆಗೊಮ್ಮೆ ಯಾರಾದರೂ ಹಗ್ಗ ಹಿಡಿದು ಹೋಗಿ ಬಂದರು. ಸಂಜೆವರೆಗೂ ನೆಲ ಒಣಗೇ ಇತ್ತು. ಅತ್ತೆ ನೆಂಟರಿಗೆ "ನಮ್ಮ ಕೆಂಚಿ ಒಳಗೆ ಮಾಡೋದೇ ಇಲ್ಲ" ಅಂತ ಹೇಳುತ್ತಿದ್ದರು.

ಈಗ ಮಳೆ ಇಳಿದಿದೆ. ವಾರಕ್ಕೆ ಒಂದಿಷ್ಟು ಹುಲ್ಲು ಕಮ್ಮಿ ಮಾಡುತ್ತಾ, ಜಾಗವನ್ನು ನಾಲ್ಕು ನಾಲ್ಕು ಹೆಜ್ಜೆ ಗೊಬ್ಬರ ಗುಂಡಿ ಕಡೆ ಸರಿಸುತ್ತಿದ್ದೇನೆ. ಸದ್ಯ ಒಂದು ಹಿಡಿ ಹುಲ್ಲು ಕಂಡರೆ ಸಾಕು, ಗರಿಕೆ ಮೇಲೆ ಕೂರುತ್ತಾಳೆ. ಅಡಿಕೆ ಕೊಯ್ಲು ಶುರುವಾದರೆ ಅಂಗಳ ತುಂಬ ಅಡಿಕೆ ಹರಡುತ್ತೆ, ಅಷ್ಟರೊಳಗೆ ಆ ಹಿಡಿಯನ್ನೂ ತೆಗೆಯಬೇಕು. ಕೆಂಚಿಯ ಅಕ್ಕನನ್ನು ಒಯ್ದ ಮನೆಯವರು ಮೊನ್ನೆ ಬಂದು ತಟ್ಟಿಯ ಅಳತೆ ತೆಗೆದುಕೊಂಡು ಹೋದರು.