ಗಾಳಿ ಹೆಚ್ಚಿಸಿಯೂ ಗೇರ್‌ಬಾಕ್ಸ್ ಉಳಿಸಿಕೊಂಡೆ: ಹಳೆಯ ಆಕ್ಟೇವಿಯಾ ಆರ್‌ಎಸ್ ಜೊತೆ ನನ್ನ ಅನುಭವ

ಹಳೆಯ ಟರ್ಬೊ ಕಾರಿನ ಇನ್‌ಟೇಕ್, ಅಂದರೆ ಎಂಜಿನ್‌ಗೆ ಗಾಳಿ ಒಯ್ಯುವ ದಾರಿ, ಮುಟ್ಟಿದರೆ ಮೊದಲು ಕ್ಲಚ್, ಆಮೇಲೆ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಕೈಕೊಡುತ್ತದೆ ಎಂದು ನನಗೆ ಹೇಳದವರಿಲ್ಲ. ಹತ್ತು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು ಎಂದ ಮೆಕ್ಯಾನಿಕ್‌ಗಳೂ ಇದ್ದರು. ನನ್ನ 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇನ್‌ಟೇಕ್ ಬದಲಾದ ಮೇಲೆ ಅದೇ ಕ್ಲಚ್ ಪ್ಲೇಟ್‌ನಲ್ಲಿ ಸುಮಾರು 40,000 ಕಿ.ಮೀ. ಓಡಿದೆ. ಮೊನ್ನೆ ಗೇರ್ ಆಯಿಲ್ ಇಳಿಸಿದಾಗ ಡ್ರೈನ್ ಬೋಲ್ಟ್‌ನ ಆಯಸ್ಕಾಂತಕ್ಕೆ ಹತ್ತಿದ್ದು ತೆಳುವಾದ ಬೂದು ಲೇಪ ಮಾತ್ರ. ಕೈಗೆ ಸಿಗುವಂಥ ಒಂದು ಚೂರೂ ಇರಲಿಲ್ಲ.

ಅವರ ಭಯಕ್ಕೆ ಆಧಾರವಿಲ್ಲವೆಂದಲ್ಲ. ಈ ಐದು ಗೇರ್‌ಗಳ ಪೆಟ್ಟಿಗೆಯಲ್ಲಿ ಡಿಫರೆನ್ಷಿಯಲ್‌ನ ದೊಡ್ಡ ಹಲ್ಲುಗಾಲಿಯನ್ನು ಹಿಡಿದಿರುವುದು ರಿವೆಟ್‌ಗಳು. ಜಾರುತ್ತಿದ್ದ ಚಕ್ರ ಥಟ್ಟನೆ ಹಿಡಿತ ಕಂಡಾಗ ಅವು ತುಂಡಾದರೆ ಹೊರಕವಚವನ್ನೇ ಒಡೆದುಕೊಂಡು ಬರುತ್ತವೆ. ಆದರೆ ಎಲೆಕ್ಟ್ರಾನಿಕ್ ಥ್ರಾಟಲ್ (ಗಾಳಿಯ ಬಾಗಿಲು) ಇರುವ ಈ 1.8 ಟರ್ಬೊದಲ್ಲಿ ಬರೀ ಇನ್‌ಟೇಕ್‌ನಿಂದ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) ಹೆಚ್ಚುವುದಿಲ್ಲ. ಎಷ್ಟು ಗಾಳಿ ಬೇಕೆಂದು ಎಂಜಿನ್‌ನ ಕಂಪ್ಯೂಟರ್ ನಿಗದಿ ಮಾಡಿರುತ್ತದೆ. ದಾರಿ ಸಲೀಸಾದರೆ ಗಾಳಿ ಒತ್ತಿ ತುಂಬುವ ಟರ್ಬೊ ಕಡಿಮೆ ದುಡಿದು ಅದೇ ಗುರಿ ಮುಟ್ಟುತ್ತದೆ. 210 ನ್ಯೂಟನ್ ಮೀಟರ್ ಇದ್ದಷ್ಟೇ ಇರುತ್ತದೆ, ಆದರೆ ಬೇಗ ಬರುತ್ತದೆ, ಥಟ್ಟನೆ ಬರುತ್ತದೆ. ಎಂಜಿನ್ ಹಿಡಿದಿಡುವ ರಬ್ಬರ್ ಮೌಂಟ್‌ಗಳು ಸತ್ತು, ಚಕ್ರಗಳಿಗೆ ಬಲ ಒಯ್ಯುವ ಆಕ್ಸಲ್ ಜಾಯಿಂಟ್‌ಗಳಲ್ಲಿ ಆಟ ಇದ್ದರೆ, ಹಗ್ಗ ಸಡಿಲ ಬಿಟ್ಟು ಒಮ್ಮೆಲೇ ಜಗ್ಗಿದಂತೆ ಆ ಟಾರ್ಕ್ ಗೇರ್‌ಬಾಕ್ಸಿಗೆ ಬಡಿಯುತ್ತದೆ. ಸವೆತ ಇರುವುದು ಆ ಸಡಿಲದಲ್ಲಿ. ನಾನು ವಾದಿಸುತ್ತಾ ಬಂದದ್ದು ಇದನ್ನೇ.

ಕೈಸುಟ್ಟ ಪ್ರಯೋಗಗಳು ಬೇಕಾದಷ್ಟಿವೆ. ಎಂಜಿನ್ ಕೋಣೆಯೊಳಗೆ ತೆರೆದ ಕೋನ್ ಫಿಲ್ಟರ್ ಹಾಕಿ ನೋಡಿದೆ, ಹತ್ತಿರ ಹತ್ತಿರ ಹತ್ತು ಸಾವಿರ ರೂಪಾಯಿ. ಶಬ್ದ ಭರ್ಜರಿ. ಏಪ್ರಿಲ್ ತಿಂಗಳ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸ್ಕ್ಯಾನರ್ ಹಚ್ಚಿದರೆ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಯ) ಗಾಳಿ ಅರವತ್ತೈದು ಡಿಗ್ರಿ ಆಸುಪಾಸು. ಬಿಸಿ ಗಾಳಿಗೆ ಕಂಪ್ಯೂಟರ್ ಕಿಡಿಯನ್ನು ತಡ ಮಾಡುತ್ತದೆ, ಎಳೆತ ಕುಗ್ಗುತ್ತದೆ, ಕಾಲು ತಾನಾಗಿಯೇ ಇನ್ನಷ್ಟು ಒತ್ತುತ್ತದೆ, ಕ್ಲಚ್ ಅರ್ಧಕ್ಕೆ ನಿಲ್ಲುವುದು ಹೆಚ್ಚುತ್ತದೆ. ಆಮೇಲೆ ಎಣ್ಣೆ ಹಚ್ಚಿದ ಹತ್ತಿ ಫಿಲ್ಟರ್. ಎಣ್ಣೆ ತುಸು ಹೆಚ್ಚಾದರೂ ಗಾಳಿ ಅಳೆಯುವ ಸೆನ್ಸರ್ ಮೇಲೆ ಪೊರೆ ಕಟ್ಟುತ್ತದೆ. ಸಕಲೇಶಪುರದ ಕಡೆಯ ಕೆಂಪು ಧೂಳಿನಲ್ಲಿ ನನಗೆ ಅದರ ಮೇಲೆ ನಂಬಿಕೆ ಉಳಿಯಲಿಲ್ಲ.

ಎಲ್ಲಕ್ಕಿಂತ ಅಪಾಯ ಎಂದರೆ ಕಂಪ್ಯೂಟರ್‌ನ ಲೆಕ್ಕ ತಿದ್ದದೆ ಸೆನ್ಸರ್‌ಗೆ ಅಗಲವಾದ ಕೊಳವೆ ಹಾಕಿಸುವುದು. ಗಾಳಿ ಕಡಿಮೆ ಬರುತ್ತಿದೆ ಎಂದು ತಪ್ಪು ತಿಳಿದ ಕಂಪ್ಯೂಟರ್ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿಸುತ್ತದೆ. ಆಗ ಮಾತ್ರ ಟಾರ್ಕ್ ನಿಜವಾಗಿಯೂ ಮಿತಿ ಮೀರುತ್ತದೆ. ಗೆಳೆಯರೊಬ್ಬರ ಕಾರಿನಲ್ಲಿ ಇದನ್ನೇ ಮಾಡಿದ್ದರು. ಶಿರಾಡಿ ಏರಿನಲ್ಲಿ ಮೂರನೇ ಗೇರ್‌ನಲ್ಲೇ ಕ್ಲಚ್ ಜಾರಿತು. ಫ್ಲೈವೀಲ್ ಸೇರಿ ಐವತ್ತು ಸಾವಿರದ ಹತ್ತಿರ ಬಿಲ್ಲು. ಎಲ್ಲರೂ ದೂರಿದ್ದು ಮಾತ್ರ ಇನ್‌ಟೇಕನ್ನು.

ನಾನು ಕೆಲಸವನ್ನು ತಿರುವುಮುರುವು ಮಾಡಿದೆ: ಮೊದಲು ಮೌಂಟ್, ಆಮೇಲೆ ಗಾಳಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟ್‌ಗಳನ್ನು ಹೊಸ ರಬ್ಬರಿನವೇ ಹಾಕಿಸಿ, ಕೆಳಗಿನ ಎಳೆತದ ಮೌಂಟ್‌ಗೆ ಮಾತ್ರ ಗಟ್ಟಿಯಾದ ಪಾಲಿಯುರೆಥೇನ್ ತುಂಡು ಸೇರಿಸಿದೆ. ಮೂರನ್ನೂ ಗಟ್ಟಿ ಮಾಡಿ ನೋಡಿದ್ದೆ, ಡ್ಯಾಶ್‌ಬೋರ್ಡ್ ನಡುಗಿ ಕೂರಲಾಗಲಿಲ್ಲ. ಹೊರಗಿನ ಆಕ್ಸಲ್ ಜಾಯಿಂಟ್‌ಗಳು ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಗೇರ್ ಆಯಿಲ್ ಎರಡು ಲೀಟರ್, ಜಿಎಲ್-4 ದರ್ಜೆಯದೇ. ಜಿಎಲ್-5 ಗಟ್ಟಿ ಎಂದು ಮಾರುವವರ ಮಾತು ಕೇಳಬೇಡಿ, ಅದರಲ್ಲಿರುವ ಗಂಧಕದ ರಾಸಾಯನಿಕ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ಬಳೆಗಳಿಗೆ ಆಗದು. ಇಷ್ಟಕ್ಕೆ ಮೂವತ್ತು ಸಾವಿರ ದಾಟಿತು.

ಗಾಳಿಯ ಕೆಲಸಕ್ಕೆ ಅದರ ಅರ್ಧವೂ ಆಗಲಿಲ್ಲ. ಕಂಪನಿಯ ಫಿಲ್ಟರ್ ಪೆಟ್ಟಿಗೆ, ಕಾಗದದ ಫಿಲ್ಟರ್ ಎರಡನ್ನೂ ಉಳಿಸಿಕೊಂಡೆ. ಹೆಡ್‌ಲೈಟ್ ಹಿಂದಿನಿಂದ ತಣ್ಣನೆಯ ಗಾಳಿಗೆ ಇನ್ನೊಂದು ಬಾಯಿ ತೆರೆದೆ. ಟರ್ಬೊಗೆ ಹೋಗುವ ಸುಕ್ಕುಗಟ್ಟಿದ ಕೊಳವೆಯ ಬದಲು ಒಳಗೆ ನುಣುಪಾದ ಸಿಲಿಕೋನ್ ಕೊಳವೆ, ರಬ್ಬರ್ ಪೊರೆ ಹರಿದಿದ್ದ ಡೈವರ್ಟರ್ ವಾಲ್ವ್ (ಕಾಲು ತೆಗೆದಾಗ ಹೆಚ್ಚುವರಿ ಒತ್ತಡ ತಿರುಗಿಸಿಬಿಡುವ ಕವಾಟ) ಬದಲು ಪಿಸ್ಟನ್ ಇರುವ ವಾಲ್ವ್ ಹಾಕಿದೆ. ಮಳೆನೀರು ಒಳನುಗ್ಗದಂತೆ ಆ ಎರಡನೇ ಬಾಯಿಯನ್ನು ಯಾವ ಕೋನದಲ್ಲಿಟ್ಟೆ, ಪೆಟ್ಟಿಗೆಯ ಅಂಚಿಗೆ ಯಾವ ಸೀಲ್ ಕೂರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಎರಡು ಮಳೆಗಾಲ ಹಿಡಿದಿದೆ.

ನಡುವೆ ಭಾವನ ಹಳೆಯ ಮಾರುತಿ ಎಸ್ಟೀಮ್ ಕಾರಿನ ಮೇಲೂ ಒಂದು ಪ್ರಯೋಗ ನಡೆಯಿತು. ಟರ್ಬೊ ಇಲ್ಲದ ಎಂಜಿನ್‌ಗೆ ಗಿಡ್ಡ ಕೊಳವೆ, ತೆರೆದ ಫಿಲ್ಟರ್. ನಾಲ್ಕು ಸಾವಿರ ಆರ್‌ಪಿಎಂ ಮೇಲೆ ಹುರುಪು ಬಂತು, ಕೆಳಗಿನ ಎಳೆತ ಹೋಯಿತು. ಸಿಗ್ನಲ್‌ನಿಂದ ಹೊರಡುವಾಗಲೆಲ್ಲ ಭಾವ ರೇಸ್ ಏರಿಸಿ ಕ್ಲಚ್ ಜಾರಿಸಬೇಕಾಯಿತು, ವರ್ಷದೊಳಗೆ ಪ್ಲೇಟ್ ಸುಟ್ಟ ವಾಸನೆ. ಮತ್ತೆ ಉದ್ದ ಕೊಳವೆ ಕೂರಿಸಿದ ಮೇಲೆ ಆ ದೂರು ನಿಂತಿತು. ಅಲ್ಲಿ ಕ್ಲಚ್ ತಿಂದದ್ದು ಹೆಚ್ಚಿದ ಶಕ್ತಿಯಲ್ಲ, ಕೆಳಗೆ ಕಳೆದುಹೋದ ಟಾರ್ಕ್.

ನನ್ನ ಕಾರಿನಲ್ಲಿ ಈಗ ಅದೇ ಟ್ರಾಫಿಕ್‌ನಲ್ಲಿ ಗಾಳಿಯ ತಾಪ ನಲವತ್ತೈದರ ಆಚೀಚೆ ನಿಲ್ಲುತ್ತದೆ. ಬೂಸ್ಟ್ ಇನ್ನೂರು ಆರ್‌ಪಿಎಂನಷ್ಟು ಮೊದಲೇ ಏಳುತ್ತದೆ, ಕಾಲಿಟ್ಟಾಗ ಕೇಳುತ್ತಿದ್ದ 'ಟಕ್' ಶಬ್ದ ಇಲ್ಲ. ಕ್ಲಚ್ ಸಲುವಾಗಿ ಗೇರ್‌ಬಾಕ್ಸ್ ಇಳಿಸುವ ದಿನ ಬಂದರೆ ಡಿಫರೆನ್ಷಿಯಲ್‌ನ ರಿವೆಟ್‌ಗಳನ್ನು ಕೊರೆದು ತೆಗೆದು ಬೋಲ್ಟ್ ಹಾಕಿಸುತ್ತೇನೆ. ಬೋಲ್ಟ್‌ಗಳ ಸೆಟ್ ಈಗಾಗಲೇ ತರಿಸಿಟ್ಟಿದ್ದೇನೆ.