ಪಡಸಾಲೆಯಲ್ಲಿ ಬಸ್ಕಿ: ನನ್ನ ಎರಡು ವರ್ಷದ ಲೆಕ್ಕ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಸುಗ್ಗಿ ಬಂತೆಂದರೆ ಮುಂಜಾನೆ ಒಂಬತ್ತಕ್ಕೆ ಕುರ್ಚಿ ಹಿಡಿದವನು ಏಳೋದು ರಾತ್ರಿ ಎಂಟಕ್ಕೆ. ಎರಡು ವರ್ಷದ ಹಿಂದೆ ತೂಕ 88 ಕೆಜಿ ಇತ್ತು, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯಲ್ಲಿ (ಎಚ್‌ಬಿಎ1ಸಿ) 6.4 ಬಂದಿತ್ತು. ಈಗ ತೂಕ 76, ಸಕ್ಕರೆ 5.7ರ ಆಸುಪಾಸು. ಜಿಮ್ ಇಲ್ಲ, ಯಂತ್ರ ಇಲ್ಲ, ಎಲ್ಲ ಮನೆಯಲ್ಲೇ ಆದದ್ದು. "ಬಸ್ಕಿ ಹೊಡದು ಹೊಟ್ಟಿ ಕರಗಿಸಿದವರನ್ನ ನಾ ಅಂತೂ ನೋಡಿಲ್ಲ" ಅಂದಿದ್ದ ನಮ್ಮ ಷಡ್ಡಕರೇ ಹೋದ ತಿಂಗಳು ಫೋನ್ ಮಾಡಿ, "ಏನ್ ಮಾಡಿದ್ರಿ, ಸ್ವಲ್ಪ ಹೇಳ್ರಿ" ಅಂದರು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಹೋದ ದುಡ್ಡಿನ ಮಾತು. ಆರು ತಿಂಗಳದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರು ಅಂತ ಜಿಮ್ಮಿಗೆ 5,500 ಕಟ್ಟಿದೆ. ಹೋದದ್ದು ಇಪ್ಪತ್ತಮೂರು ದಿನ. ಅಷ್ಟರಲ್ಲಿ ಹೊಸ ಭತ್ತ ಬಂತು, ಮುಗೀತು. ಆಮೇಲೆ ಹೊಸಪೇಟೆಯಿಂದ 14,000ಕ್ಕೆ ಹಳೇ ಟ್ರೆಡ್‌ಮಿಲ್ ತಂದೆ, ಗಾಡಿ ಬಾಡಿಗೆ 1,200 ಬೇರೆ. ಮೇ ತಿಂಗಳು, ಹೊರಗೆ 42 ಡಿಗ್ರಿ, ಆರ್‌ಸಿಸಿ ಮಾಳಿಗೆ ರಾತ್ರಿ ಹತ್ತಾದರೂ ಕಾವು ಬಿಡುತ್ತಿರಲಿಲ್ಲ. ಅದರ ಮೇಲೆ ಹತ್ತು ನಿಮಿಷ ಓಡಿದರೆ ಕಣ್ಣು ಕತ್ತಲೆ. ಮೂರನೇ ತಿಂಗಳಿಗೆ ಬೆಲ್ಟ್ ಹರಿಯಿತು, 4,000ಕ್ಕೆ ಮಾರಿದೆ. ಶೂ ಸೇರಿಸಿದರೆ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಹೋಯಿತು. ಹಗ್ಗದಾಟಕ್ಕೆ ದುಡ್ಡು ಹೋಗಲಿಲ್ಲ, ಕಾಲು ಹೋಯಿತು: ನಮ್ಮದು ಶಹಾಬಾದಿ ಕಲ್ಲಿನ ನೆಲ, ಬರಿಗಾಲಲ್ಲಿ ಮೊದಲ ದಿನವೇ 300, ನಾಲ್ಕನೇ ದಿನ 500 ಹಾರಿದೆ. ನಳಿಗಾಲಿನ ಎಲುಬು ಹಿಡಿದುಕೊಂಡು ಮೂರು ವಾರ ಮೆಟ್ಟಿಲು ಇಳಿಯಲೂ ಆಗಲಿಲ್ಲ.

ದಾರಿ ಸಿಕ್ಕಿದ್ದು ಗಿರಣಿಯ ಗೋದಾಮಿನಲ್ಲಿ. ನಮ್ಮಲ್ಲಿ ಭತ್ತದ ಚೀಲ ಅಂದರೆ 75 ಕೆಜಿ. ಅರವತ್ತರ ಹತ್ತಿರದ ಹಮಾಲರೊಬ್ಬರು ಅದನ್ನು ಬೆನ್ನಿಗೆ ಹಾಕಿಕೊಂಡು ಹಲಗೆ ಹತ್ತಿ ಲಾರಿಗೆ ಇಳಿಸುತ್ತಾರೆ. ಒಂದು ಮಧ್ಯಾಹ್ನ ನಾನು ಚೀಲಗಳ ಮರೆಯಲ್ಲಿ ಬಸ್ಕಿ ಹೊಡೆಯೋದನ್ನು ನೋಡಿ ಅವರು, "ಗುಮಾಸ್ತರ, ಉಸುರು ಹಿಡ್ಕೊಂಡು ಏಳಬ್ಯಾಡ್ರಿ, ಬಿಟ್ಕೋಂತ ಏಳ್ರಿ. ಹಿಮ್ಮಡ ನೆಲ ಬಿಡಬಾರದು" ಅಂದರು. ಗರಡಿಯವರು ಹಿಮ್ಮಡ ಎತ್ತಿಯೇ ಹೊಡೆಯುತ್ತಾರೆ, ಗೊತ್ತು. ಅವರು ಸಣ್ಣಂದಿನಿಂದ ಪಳಗಿದವರು. ನಲವತ್ತಾರರ ನನ್ನ ಮೊಣಕಾಲಿಗೆ ಹಮಾಲರ ಮಾತೇ ಒಗ್ಗಿತು, ವಾರದಲ್ಲಿ ಮೊಣಕಾಲ ಚಿಪ್ಪಿನ ಕಟಕಟ ಕಡಿಮೆಯಾಯಿತು.

ಅವರನ್ನು ನೋಡಿ ಇನ್ನೊಂದು ಕಲಿತೆ. ಹತ್ತು ಹನ್ನೆರಡು ಚೀಲ ಹೊತ್ತರೆ ಕೂತು ನೀರು ಕುಡೀತಾರೆ, ಮತ್ತೆ ಏಳ್ತಾರೆ, ಸಂಜೆತನಕ ಹೀಗೇ. ನಾನೂ ಕಂತು ಮಾಡಿಕೊಂಡೆ. ಒಂದು ಕಂತಿಗೆ ಎಂಟು ಬಸ್ಕಿ, ದಿನಕ್ಕೆ ಐದು ಕಂತು. ನಸುಕಿನಲ್ಲಿ ಚಹಾ ಕುದಿಯುವಷ್ಟರಲ್ಲಿ ಎರಡು, ಗಿರಣಿಯಲ್ಲಿ ಎರಡು, ಬೈಗಿಗೆ ಒಂದು. ಇನ್ನೂ ಮೂರು ನಾಲ್ಕು ಹೊಡೆಯಬಹುದು ಅನ್ನುವಾಗಲೇ ನಿಲ್ಲಿಸೋದು. ಇದನ್ನೇ ಯಾರೂ ನಂಬಲಿಲ್ಲ, ಬೆವರು ಇಳಿಯದಿದ್ದರೆ ಅದೇನು ಕಸರತ್ತು ಅಂದರು. ಆದರೆ ಮರುದಿನ ಮೈ ನೋಯುತ್ತಿರಲಿಲ್ಲ, ಹಾಗಾಗಿ ಮರುದಿನ ತಪ್ಪುತ್ತಿರಲಿಲ್ಲ. ಎರಡು ತಿಂಗಳಿಗೆ ಕಂತಿಗೆ ಹದಿನೈದು, ದಿನಕ್ಕೆ ಏಳು ಕಂತು ಆಯಿತು. ಎರಡು ವರ್ಷದಲ್ಲಿ ತಪ್ಪಿದ್ದು ಇಪ್ಪತ್ತು ದಿನವೂ ಇರಲಿಕ್ಕಿಲ್ಲ.

ಬಸ್ಕಿ ಜೊತೆ ದಂಡವನ್ನೂ, ಅಂದರೆ ಕೈಯೂರಿ ಮೈ ಇಳಿಸಿ ಎತ್ತುವುದನ್ನೂ, ಹಿಡಿದೆ. ಅದು ನೇರವಾಗಿ ನೆಲಕ್ಕೆ ಬರಲಿಲ್ಲ. ಆರು ವಾರ ಗೋಡೆಗೆ, ಎರಡು ತಿಂಗಳು ಮನೆಮುಂದಿನ ಕಟ್ಟೆಗೆ, ಆಮೇಲೆ ನೆಲಕ್ಕೆ. ಈ ವಿಷಯದಲ್ಲಿ ಅವಸರ ಮಾಡಿದವರೆಲ್ಲ ಭುಜ ಹಿಡಿದುಕೊಂಡು ಕೂತಿದ್ದಾರೆ.

ಭಾರಕ್ಕೆ ಮರಳು ತುಂಬಿದ ಚೀಲ ಮಾಡಿದ್ದೆ. ಎದೆಗವಚಿ ಎದ್ದಾಗ ಹೊಲಿಗೆ ಬಿಚ್ಚಿ ಪಡಸಾಲೆಯೆಲ್ಲ ಮರಳು, ಮನೆಯವಳು ಎರಡು ದಿನ ಮಾತು ಬಿಟ್ಟಳು. ಆಮೇಲೆ ಗಿರಣಿಯಿಂದ ದಬ್ಬಣ, ಸುತಳಿ ತಂದು ಚೀಲದೊಳಗೆ ಚೀಲ ಇಟ್ಟು, ಬಾಯಿ ಮಡಚಿ ಎರಡು ಸಾಲು ಹೊಲಿದೆ. ಒಳಗೆ ಮೊದಲು 10 ಕೆಜಿ ನುಚ್ಚು, ಈಗ 25. ನುಚ್ಚು ಮರಳಿನ ಹಾಗೆ ಒಂದೇ ಕಡೆ ಜಾರಿ ಕೂರುವುದಿಲ್ಲ. ಖರ್ಚು ಮುನ್ನೂರು ರೂಪಾಯಿ ದಾಟಿಲ್ಲ.

ನಡುವೆ ಸಕ್ಕರೆ ಅಳೆಯುವ ಮೀಟರ್ ಕೊಂಡು ಹದಿನೈದು ದಿನ ಪರೀಕ್ಷೆ ಮಾಡಿದೆ. ಪಟ್ಟಿ ಒಂದಕ್ಕೆ ಇಪ್ಪತ್ತು ರೂಪಾಯಿ ಬಿತ್ತು, ಆದರೂ ಸಾರ್ಥಕ. ಅನ್ನ ಉಂಡು ಕುರ್ಚಿಯಲ್ಲೇ ಕೂತ ದಿನ ಎರಡು ತಾಸಿಗೆ 170ರ ಮೇಲೆ. ಅದೇ ಅನ್ನ ಉಂಡು ಗಿರಣಿ ಅಂಗಳದಲ್ಲಿ ಹತ್ತು ನಿಮಿಷ ಅಡ್ಡಾಡಿ ಒಂದು ಕಂತು ಬಸ್ಕಿ ಹೊಡೆದ ದಿನ 140, 145. ಕಾಲಿನ ಸ್ನಾಯು ಕೆಲಸ ಮಾಡಿದರೆ ರಕ್ತದ ಸಕ್ಕರೆಯನ್ನು ಅದೇ ಎಳೆದುಕೊಳ್ಳುತ್ತದೆ. ರಾತ್ರಿ ಅನ್ನ ಬಿಟ್ಟು ಎರಡು ಜೋಳದ ರೊಟ್ಟಿ, ಪುಂಡಿಪಲ್ಯಕ್ಕೆ ಬಂದೆ. ಇಳಿದ ಹನ್ನೆರಡು ಕೆಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇದರ ಪಾಲೇ ಅಂತ ನನ್ನ ಲೆಕ್ಕ. ಬರೀ ಬಸ್ಕಿಯಿಂದ ಇಳಿಯಿತು ಅಂದರೆ ಸುಳ್ಳಾಗುತ್ತದೆ.

ಟೊಂಕನೋವಿಗೆ ಮಲಗುವ ಮುಂಚೆ ಚಾಪೆ ಮೇಲೆ ಮಾಡುವುದೊಂದಿದೆ. ಅದನ್ನು ಬರೆಯಲ್ಲ. ಓದಿ ಮಾಡಿ ಒಬ್ಬರು ಬೆನ್ನು ಉಳುಕಿಸಿಕೊಂಡಿದ್ದಾರೆ. ಎದುರಿಗೆ ಬಂದವರಿಗೆ ತೋರಿಸುತ್ತೇನೆ. ಚೀಲದ ಹಿಡಿತದ ಗುಟ್ಟು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ನಮ್ಮೂರ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. 88 ಕೆಜಿ ಇದ್ದಾಗ ನಾಲ್ಕು ಕಡೆ ಕೂತು ಮುಕ್ಕಾಲು ತಾಸಿಗೆ ಹತ್ತಿದ್ದೆ. ಹೋದ ಶನಿವಾರ ನಸುಕಿನಲ್ಲಿ ಷಡ್ಡಕರನ್ನು ಕರೆದುಕೊಂಡು ಹೋದೆ. ಎಲ್ಲೂ ಕೂರದೆ ಹದಿನೈದು ಹದಿನಾರು ನಿಮಿಷಕ್ಕೆ ಮೇಲಿದ್ದೆ, ಕೆಳಗೆ ತುಂಗಭದ್ರೆಯ ದಂಡೆಯ ಗದ್ದೆಗಳು ಆಗಷ್ಟೇ ಕಾಣತೊಡಗಿದ್ದವು. ಷಡ್ಡಕರು ಅರ್ಧ ತಾಸು ಬಿಟ್ಟು ಬಂದರು, ನೀರು ಕುಡಿದು, "ಎಂಟರಿಂದ ಶುರು ಮಾಡ್ಲೇನ್ರಿ?" ಅಂದರು. ಐದರಿಂದ ಮಾಡ್ರಿ ಅಂದೆ.